ಬಿಟ್ಟುಬಿಟ್ಟು ಬರುವ ಮುದ್ರಣ ದೋಷ: ಮನೆಯ ಕಂಪ್ಯೂಟರ್ ಮತ್ತು ಪ್ರಿಂಟರ್

ಮನೆಯ ಕಂಪ್ಯೂಟರಿನಿಂದ ಕಳುಹಿಸಿದ ದಾಖಲೆ ಕೆಲವು ಸಲ ಸರಿಯಾಗಿ ಮುದ್ರಣಗೊಂಡು, ಅದೇ ಕಂಪ್ಯೂಟರ್ ಅದೇ ಪ್ರಿಂಟರ್ ಇದ್ದೂ ಇನ್ನು ಕೆಲವು ಸಲ ಮುದ್ರಣವಾಗದೆ, ತಡವಾಗಿ ಅಥವಾ ವಿರೂಪಗೊಂಡು ಹೊರಬರುವ ಸ್ಥಿತಿಯನ್ನು ಬಿಟ್ಟುಬಿಟ್ಟು ಬರುವ ಮುದ್ರಣ ದೋಷ ಎನ್ನುತ್ತಾರೆ. ಪೂರ್ತಿ ಕೆಟ್ಟುನಿಂತ ಪ್ರಿಂಟರಿನ ದೋಷ ಯಾವಾಗ ಪರೀಕ್ಷಿಸಿದರೂ ಸಿಗುತ್ತದೆ. ಈ ಬಗೆಯ ದೋಷವೋ ರಿಪೇರಿಯವರು ಬಂದು ಕೂರುವ ಹೊತ್ತಿಗೆ ಮರೆಯಾಗಿರುತ್ತದೆ. ಹಾಗೆಂದು ಇದು ಆಕಸ್ಮಿಕವಲ್ಲ. ವಿಳಾಸ, ವೇಳೆ, ಕಡತದ ಗಾತ್ರ, ವೋಲ್ಟೇಜ್, ಗಾಳಿಯ ತೇವ ಇವುಗಳಲ್ಲಿ ಯಾವುದೋ ಒಂದು ಬದಲಾದಾಗ ಮಾತ್ರ ಅದು ತಲೆದೋರುತ್ತದೆ. ಪ್ರಿಂಟ್ ಬಂದ ಸಲಕ್ಕೂ ಬರದ ಸಲಕ್ಕೂ ಇರುವ ವ್ಯತ್ಯಾಸವನ್ನು ಕಂಡುಹಿಡಿಯುವುದೇ ಪತ್ತೆಕಾರ್ಯದ ತಿರುಳು.

ಈ ಲೇಖನದಲ್ಲಿ ಜಾಬ್ ಎಂದರೆ ಒಂದು ಸಲ ಪ್ರಿಂಟ್ ಒತ್ತಿದಾಗ ತಯಾರಾಗುವ ದತ್ತಾಂಶ. ಒಂದು ಪ್ರಿಂಟರಿಗಾಗಿ ಕಾದಿರುವ ಜಾಬ್‌ಗಳ ಸಾಲು ಸರತಿ. ಆ ಸಾಲನ್ನು ನಡೆಸುವ, ಕಾರ್ಯಾಚರಣ ವ್ಯವಸ್ಥೆಯ ಸೇವೆ ಸ್ಪೂಲರ್. ದಾಖಲೆಯನ್ನು ಆಯಾ ಪ್ರಿಂಟರಿಗೆ ತಿಳಿಯುವ ಭಾಷೆಗೆ ತಿರುಗಿಸುವ ತಂತ್ರಾಂಶ ಡ್ರೈವರ್. ದತ್ತಾಂಶ ಯಾವ ದಾರಿಯಲ್ಲಿ ಯಾವ ವಿಳಾಸಕ್ಕೆ ಹೋಗಬೇಕೆಂಬ ನಮೂದು ಪೋರ್ಟ್. ಪರದೆಯ ಮೇಲೆ ಕಾಣುವ ಆಫ್‌ಲೈನ್ ಎಂಬ ಸೂಚನೆಗೆ ಪ್ರಿಂಟರ್ ಆರಿದೆ ಎಂದು ಅರ್ಥವಲ್ಲ. ಪ್ರಿಂಟರಿನಿಂದ ಉತ್ತರ ಬಂದಿಲ್ಲವೆಂದು ಕಂಪ್ಯೂಟರ್ ತೀರ್ಮಾನಿಸಿದೆ ಎಂದಷ್ಟೇ ಅರ್ಥ.

ಹಿನ್ನೆಲೆ

ಕಂಪ್ಯೂಟರಿನ ವೇಗಕ್ಕೆ ಪ್ರಿಂಟರ್ ಯಾವತ್ತೂ ಸಾಟಿಯಾಗಿರಲಿಲ್ಲ. ಪ್ರಿಂಟರ್ ಮುಗಿಸುವವರೆಗೆ ಬೆಲೆಬಾಳುವ ಯಂತ್ರ ಸುಮ್ಮನೆ ಕಾಯಬಾರದೆಂದು ಮುದ್ರಿಸಬೇಕಾದುದನ್ನು ಮೊದಲು ಟೇಪಿನಲ್ಲೋ ಡಿಸ್ಕಿನಲ್ಲೋ ಬರೆದಿಟ್ಟು, ಬಳಿಕ ನಿಧಾನವಾಗಿ ಪ್ರಿಂಟರಿಗೆ ಒದಗಿಸುವ ಸ್ಪೂಲಿಂಗ್ ಪದ್ಧತಿ ದೊಡ್ಡ ಕಂಪ್ಯೂಟರ್‌ಗಳ ಕಾಲದಲ್ಲೇ ರೂಢಿಗೆ ಬಂತು. ಆದೇಶ ಕೊಡುವ ಗಳಿಗೆಗೂ ಕಾಗದ ಹೊರಬರುವ ಗಳಿಗೆಗೂ ನಡುವೆ ಬಿದ್ದ ಆ ಅಂತರದಲ್ಲೇ ಇಂದಿನ ದೋಷಗಳ ದೊಡ್ಡ ಪಾಲು ಅಡಗಿದೆ.

1970ರಲ್ಲಿ ಸೆಂಟ್ರಾನಿಕ್ಸ್ ಕಂಪನಿ ತನ್ನ ಮಾದರಿ 101 ಪ್ರಿಂಟರಿನೊಂದಿಗೆ ತಂದ ಸಮಾಂತರ ಸಂಪರ್ಕ ಹಲವು ವರ್ಷ ಪ್ರಿಂಟರ್‌ಗಳಿಗೆ ಮಾದರಿಯಾಯಿತು. 1981ರ ಐಬಿಎಂ ಪಿಸಿ ಇದೇ ಪದ್ಧತಿಯನ್ನು ಅನುಸರಿಸಿತು. 1994ರಲ್ಲಿ ಅದಕ್ಕೆ ಐಇಇಇ 1284 ಎಂಬ ಅಧಿಕೃತ ಮಾನಕ ಬಂತು. ಆ ದಪ್ಪ ಕೇಬಲ್ಲಿನಲ್ಲಿ ದತ್ತಾಂಶದ ತಂತಿಗಳ ಜೊತೆಗೆ 'ಬಿಡುವಿಲ್ಲ', 'ಕಾಗದ ಮುಗಿದಿದೆ', 'ದೋಷವಿದೆ' ಎಂದು ತಿಳಿಸಲು ಒಂದೊಂದು ಪ್ರತ್ಯೇಕ ತಂತಿ ಇತ್ತು. ಪ್ರಿಂಟರಿನ ಸ್ಥಿತಿ ತಂತಿಯ ವೋಲ್ಟೇಜಿನಲ್ಲೇ ತಿಳಿಯುತ್ತಿತ್ತು. 1996ರಲ್ಲಿ ಯುಎಸ್‌ಬಿ, ಆಮೇಲೆ ವೈಫೈ ಬಂದ ಮೇಲೆ ಸ್ಥಿತಿಯನ್ನು ಸಂದೇಶ ಕಳಿಸಿ ಕೇಳಿ ತಿಳಿಯಬೇಕಾಯಿತು. ಸಂದೇಶ ದಾರಿಯಲ್ಲಿ ಕಳೆದುಹೋದರೆ ಸ್ಥಿತಿಯೂ ತಪ್ಪಾಗಿ ದಾಖಲಾಗುತ್ತದೆ.

ಪ್ರಿಂಟರ್ ಸದ್ದಿಲ್ಲದೆ ನಿಂತುಹೋಗುವ ತೊಂದರೆಗೆ ತಂತ್ರಾಂಶದ ಇತಿಹಾಸದಲ್ಲೂ ಒಂದು ಸ್ಥಾನವಿದೆ. ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್ಮನ್ ಹಳೆಯ ಪ್ರಿಂಟರಿನ ತಂತ್ರಾಂಶವನ್ನು ತಿದ್ದಿ, ಕಾಗದ ಸಿಕ್ಕಿಕೊಂಡಾಗ ಪ್ರಿಂಟಿಗೆ ಕಾದಿರುವವರಿಗೆಲ್ಲ ಸಂದೇಶ ಹೋಗುವಂತೆ ಮಾಡಿದ್ದರು. 1980ರ ಸುಮಾರಿಗೆ ಬಂದ ಜೆರಾಕ್ಸ್ ಲೇಸರ್ ಪ್ರಿಂಟರಿಗೆ ಹಾಗೆ ಮಾಡಲು ಅದರ ಮೂಲ ಸಂಕೇತ ಸಿಗಲಿಲ್ಲ. 1983ರಲ್ಲಿ ಅವರು ಘೋಷಿಸಿದ, ಸ್ವತಂತ್ರ ತಂತ್ರಾಂಶ ಕಟ್ಟುವ ಗ್ನು ಯೋಜನೆಯ ಹಿಂದಿನ ಪ್ರೇರಣೆಗಳಲ್ಲಿ ಇದೂ ಒಂದು.

ಜಾಲದ ಮೂಲಕ ಮುದ್ರಿಸುವ ನಿಯಮಾವಳಿಗಳು ಒಂದೊಂದಾಗಿ ಬಂದವು. ಎಲ್‌ಪಿಡಿ ಪದ್ಧತಿಯನ್ನು 1990ರಲ್ಲಿ ದಾಖಲಿಸಲಾಯಿತು. ಅದು ಬಳಸುವ ಜಾಲದ್ವಾರದ ಸಂಖ್ಯೆ 515. ದತ್ತಾಂಶವನ್ನು ನೇರವಾಗಿ ಸುರಿಯುವ ಸರಳ ಪದ್ಧತಿಗೆ 9100. 1999ರಲ್ಲಿ ಪ್ರಕಟವಾದ ಇಂಟರ್ನೆಟ್ ಪ್ರಿಂಟಿಂಗ್ ಪ್ರೋಟೋಕಾಲ್, ಅಂದರೆ ಐಪಿಪಿ, 631ನ್ನು ಬಳಸುತ್ತದೆ. ಯುನಿಕ್ಸ್ ಬಗೆಯ ವ್ಯವಸ್ಥೆಗಳ ಕಪ್ಸ್ ಮುದ್ರಣ ವ್ಯವಸ್ಥೆಯೂ 1999ರಲ್ಲೇ ಬಿಡುಗಡೆಯಾಗಿ, 2002ರಲ್ಲಿ ಆಪಲ್‌ನ ಮ್ಯಾಕ್ ಓಎಸ್ ಟೆನ್ 10.2ರೊಳಗೆ ಸೇರಿತು. 2010ರಲ್ಲಿ ಆಪಲ್ ಏರ್‌ಪ್ರಿಂಟ್ ತಂದ ಬಳಿಕ ಫೋನಿನಿಂದ ಡ್ರೈವರ್ ಇಲ್ಲದೆ ಮುದ್ರಿಸುವುದು ಮನೆಗಳಲ್ಲಿ ಸಾಮಾನ್ಯವಾಯಿತು.

ಮುದ್ರಣದ ಹಾದಿ

ಪ್ರಿಂಟ್ ಒತ್ತಿದ ಕೂಡಲೆ ಅನ್ವಯಿಕ ತಂತ್ರಾಂಶ ಪುಟದ ವಿವರಣೆಯನ್ನು ಕಾರ್ಯಾಚರಣ ವ್ಯವಸ್ಥೆಗೆ ಒಪ್ಪಿಸುತ್ತದೆ. ಡ್ರೈವರ್ ಅದನ್ನು ಪ್ರಿಂಟರಿನ ಭಾಷೆಗೆ ತಿರುಗಿಸುತ್ತದೆ. ಸ್ಪೂಲರ್ ಆ ದತ್ತಾಂಶವನ್ನು ಡಿಸ್ಕಿನಲ್ಲಿ ಕಡತವಾಗಿ ಬರೆದಿಡುತ್ತದೆ. ವಿಂಡೋಸ್‌ನಲ್ಲಿ ಪ್ರತಿ ಜಾಬಿಗೂ ಎರಡು ಕಡತಗಳಿರುತ್ತವೆ: ಒಂದರಲ್ಲಿ ಪುಟದ ದತ್ತಾಂಶ, ಇನ್ನೊಂದರಲ್ಲಿ ಯಾರು, ಯಾವ ಪ್ರಿಂಟರಿಗೆ, ಯಾವ ಸೆಟ್ಟಿಂಗ್‌ನಲ್ಲಿ ಕಳುಹಿಸಿದರೆಂಬ ವಿವರ. ಆ ನಂತರ ಪೋರ್ಟಿನ ನಮೂದು ನೋಡಿ ಯುಎಸ್‌ಬಿ ಅಥವಾ ಜಾಲದ ಮೂಲಕ ದತ್ತಾಂಶ ಹೊರಡುತ್ತದೆ. ಪ್ರಿಂಟರಿನೊಳಗಿನ ನಿಯಂತ್ರಕ ಅದನ್ನು ಚುಕ್ಕಿಗಳ ಚಿತ್ರವಾಗಿಸಿ ಕಾಗದ ಎಳೆಯುವ, ಶಾಯಿ ಅಥವಾ ಟೋನರ್ ಹಚ್ಚುವ ಯಂತ್ರಭಾಗಕ್ಕೆ ಕೊಡುತ್ತದೆ.

ಈ ಹಾದಿಯಲ್ಲಿ ಪ್ರಿಂಟರಿನ ಬಗೆಗೆ ತಕ್ಕಂತೆ ಒಂದು ಮುಖ್ಯ ವ್ಯತ್ಯಾಸವಿದೆ. ಇಂಕ್‌ಜೆಟ್ ಪ್ರಿಂಟರ್ ಪುಟವನ್ನು ಪಟ್ಟಿಪಟ್ಟಿಯಾಗಿ ಬರೆಯುವುದರಿಂದ ದತ್ತಾಂಶ ತಡವಾದರೆ ಪುಟದ ನಡುವೆಯೇ ಕಾಯಬಲ್ಲದು. ಲೇಸರ್ ಪ್ರಿಂಟರಿನ ಡ್ರಮ್ ಒಮ್ಮೆ ತಿರುಗಲು ಶುರುವಾದರೆ ಪುಟ ಮುಗಿಯುವವರೆಗೆ ನಿಲ್ಲುವಂತಿಲ್ಲ. ಇಡೀ ಪುಟ ಅಷ್ಟರೊಳಗೆ ಸಿದ್ಧವಿರಬೇಕು. ಇಂಚಿಗೆ 600 ಚುಕ್ಕಿಯಂತೆ ಎ4 ಪುಟವೆಂದರೆ ಅಡ್ಡಕ್ಕೆ ಸುಮಾರು 4,960, ಉದ್ದಕ್ಕೆ ಸುಮಾರು 7,016 ಚುಕ್ಕಿಗಳು. ಬರಿಯ ಕಪ್ಪು-ಬಿಳುಪಿಗೇ ಇದು 4 ಎಂಬಿಗೆ ಮಿಕ್ಕುತ್ತದೆ. ಕಡಿಮೆ ಬೆಲೆಯ ಲೇಸರ್ ಪ್ರಿಂಟರ್‌ಗಳು ಈ ಲೆಕ್ಕಾಚಾರವನ್ನು ಕಂಪ್ಯೂಟರಿಗೇ ವಹಿಸಿ, ಸಂಕುಚಿತ ರೂಪದಲ್ಲಿ ದತ್ತಾಂಶ ಪಡೆದು ಚಿಕ್ಕ ಸ್ಮೃತಿಯಲ್ಲಿ ಹೊಂದಿಸಿಕೊಳ್ಳುತ್ತವೆ. ಅಕ್ಷರಗಳಷ್ಟೇ ಇರುವ ಪುಟ ಸಲೀಸಾಗಿ ಬಂದು, ಫೋಟೊ ತುಂಬಿದ ಪುಟ ಅರ್ಧಕ್ಕೆ ನಿಲ್ಲುವುದಕ್ಕೆ ಇದು ಸಾಮಾನ್ಯ ಕಾರಣ.

ದತ್ತಾಂಶದ ಮೊದಲ ಕೆಲವು ಬೈಟ್‌ಗಳಲ್ಲಿ 'ಮುಂದೆ ಬರುವುದು ಈ ಭಾಷೆಯಲ್ಲಿದೆ' ಎಂಬ ಸೂಚನೆ ಇರುತ್ತದೆ. ಯುಎಸ್‌ಬಿ ಸಂಪರ್ಕ ನಡುವೆ ಒಮ್ಮೆ ತಪ್ಪಿ ಆ ತಲೆಭಾಗ ಕಳೆದುಹೋದರೆ ಪ್ರಿಂಟರ್ ಉಳಿದದ್ದನ್ನು ಸಾದಾ ಪಠ್ಯವೆಂದೇ ತಿಳಿದು, ಪುಟಕ್ಕೊಂದು ಸಾಲಿನಂತೆ ಅರ್ಥವಿಲ್ಲದ ಚಿಹ್ನೆಗಳನ್ನು ಹತ್ತಾರು ಹಾಳೆಗಳ ಮೇಲೆ ಮುದ್ರಿಸುತ್ತದೆ. ಅಂಥ ಹಾಳೆ ಸಿಕ್ಕಾಗ ಅನುಮಾನ ಹೋಗಬೇಕಾದ್ದು ಸಂಪರ್ಕ ಅಥವಾ ಡ್ರೈವರ್ ಮೇಲೆ. ಕಾರ್ಟ್ರಿಜ್ ಬದಲಿಸಿ ಪ್ರಯೋಜನವಿಲ್ಲ.

ದೋಷದ ಬಗೆಗಳು

ವಿಳಾಸ ಮತ್ತು ಜಾಲ. ವೈಫೈ ಪ್ರಿಂಟರ್ ಇರುವ ಮನೆಗಳಲ್ಲಿ ಮೊದಲು ನೋಡಬೇಕಾದ ಕಾರಣ ಇದೇ. ಮನೆಯ ರೂಟರ್ ತನ್ನ ಜಾಲದ ಪ್ರತಿ ಸಾಧನಕ್ಕೂ ಡಿಎಚ್‌ಸಿಪಿ ಪದ್ಧತಿಯಲ್ಲಿ ಒಂದು ಐಪಿ ವಿಳಾಸವನ್ನು ನಿಗದಿತ ಅವಧಿಗೆ ಕೊಡುತ್ತದೆ. ಪ್ರಿಂಟರನ್ನು ಮೊದಲ ಸಲ ಜೋಡಿಸಿದಾಗ ಅದರ ವಿಳಾಸ 192.168.1.5 ಆಗಿದ್ದರೆ ಕಂಪ್ಯೂಟರಿನ ಪೋರ್ಟಿನಲ್ಲಿ ಆ ಸಂಖ್ಯೆಯೇ ಉಳಿದಿರಬಹುದು. ಕರೆಂಟ್ ಹೋಗಿ ಬಂದು ರೂಟರ್ ಮತ್ತೆ ಶುರುವಾದಾಗ 5 ಎಂಬ ಸಂಖ್ಯೆ ಯಾರದೋ ಫೋನಿಗೆ ಸಿಕ್ಕಿ ಪ್ರಿಂಟರಿಗೆ 7 ಸಿಕ್ಕಿತೆಂದರೆ, ಕಂಪ್ಯೂಟರ್ ಫೋನಿನ ಬಾಗಿಲು ತಟ್ಟುತ್ತಿರುತ್ತದೆ. ಪ್ರಿಂಟರ್ ಆಫ್‌ಲೈನ್ ಎಂದು ತೋರುತ್ತದೆ. ಇನ್ನೊಂದು ದಿನ ಪ್ರಿಂಟರಿಗೆ ಮತ್ತೆ 5 ಸಿಕ್ಕರೆ ಎಲ್ಲವೂ ತಾನಾಗಿ ಸರಿಹೋದಂತೆ ಕಾಣುತ್ತದೆ. ಪದೇ ಪದೇ ಕರೆಂಟ್ ಹೋಗುವ ಊರುಗಳಲ್ಲಿ ಈ ಅದಲುಬದಲು ಹೆಚ್ಚು. ಪ್ರಿಂಟರಿನ ವಿಳಾಸ 169.254 ಎಂದು ಆರಂಭವಾದರೆ ರೂಟರಿನಿಂದ ಅದಕ್ಕೆ ವಿಳಾಸವೇ ಸಿಕ್ಕಿಲ್ಲವೆಂದು ತಿಳಿಯಬೇಕು.

ವಿಳಾಸದ ಬದಲು ಹೆಸರಿನಿಂದ ಪ್ರಿಂಟರನ್ನು ಹುಡುಕುವ ಪದ್ಧತಿಗಳೂ ಇವೆ. ಆಪಲ್ ಸಾಧನಗಳು ಮತ್ತು ಲಿನಕ್ಸ್ ಬಳಸುವ ಎಂಡಿಎನ್‌ಎಸ್ ವಿಧಾನ 224.0.0.251 ಎಂಬ ಸಮೂಹ ವಿಳಾಸಕ್ಕೆ ಕೂಗಿ ಕೇಳುತ್ತದೆ. ವಿಂಡೋಸ್ ವಿಸ್ತಾದೊಂದಿಗೆ ಬಂದ ಡಬ್ಲ್ಯುಎಸ್‌ಡಿ ಪೋರ್ಟ್‌ಗಳ ಹುಡುಕಾಟವೂ ಹೀಗೆಯೇ ನಡೆಯುತ್ತದೆ. ಇಂಥ ಸಮೂಹ ಸಂದೇಶಗಳನ್ನು ಕೆಲವು ರೂಟರ್‌ಗಳು, ಮೆಶ್ ಘಟಕಗಳು ಮತ್ತು ರಿಪೀಟರ್‌ಗಳು ಸರಿಯಾಗಿ ದಾಟಿಸುವುದಿಲ್ಲ. ಆನ್ ಮಾಡಿದ ಹೊಸದರಲ್ಲಿ ಪಟ್ಟಿಯಲ್ಲಿ ಕಾಣಿಸಿಕೊಂಡು ಸ್ವಲ್ಪ ಹೊತ್ತಿಗೆ ಮಾಯವಾಗುವ ಪ್ರಿಂಟರಿನಲ್ಲಿ ಇದನ್ನು ಶಂಕಿಸಬಹುದು.

ಮನೆಬಳಕೆಯ ಅನೇಕ ಪ್ರಿಂಟರ್‌ಗಳಿಗೆ 2.4 ಗಿಗಾಹರ್ಟ್ಸ್ ಪಟ್ಟಿ ಮಾತ್ರ ಗೊತ್ತು. ಮೈಕ್ರೋವೇವ್ ಒಲೆ, ಬ್ಲೂಟೂತ್, ನೆರೆಮನೆಗಳ ವೈಫೈ ಎಲ್ಲವೂ ಅದೇ ಪಟ್ಟಿಯಲ್ಲಿ ಗದ್ದಲ ಮಾಡುತ್ತವೆ. ಕಂಪ್ಯೂಟರ್ 5 ಗಿಗಾಹರ್ಟ್ಸ್‌ನಲ್ಲಿದ್ದರೂ ರೂಟರ್ ಎರಡನ್ನೂ ಒಂದೇ ಜಾಲವಾಗಿ ಬೆಸೆದಿದ್ದರೆ ತೊಂದರೆಯಿಲ್ಲ. ಎರಡರಲ್ಲಿ ಒಂದು ಅತಿಥಿ ಜಾಲಕ್ಕೆ ಸೇರಿದ್ದರೆ ಒಂದು ಸಾಧನಕ್ಕೆ ಇನ್ನೊಂದು ಕಾಣುವುದಿಲ್ಲ. ಮನೆಯಿಂದ ಕೆಲಸ ಮಾಡುವವರ ಕಂಪ್ಯೂಟರಿನಲ್ಲಿ ಕಚೇರಿಯ ವಿಪಿಎನ್ ಹಾಕಿದ ಕೂಡಲೆ ಮನೆಯ ಜಾಲದ ದಾರಿ ಮುಚ್ಚಿಹೋಗುವುದುಂಟು. ಕೆಲಸದ ವೇಳೆಯಲ್ಲಿ ಪ್ರಿಂಟ್ ಬಾರದೆ ಸಂಜೆಯ ಮೇಲೆ ಬಂದರೆ ಮೊದಲು ನೋಡಬೇಕಾದ್ದು ವಿಪಿಎನ್.

ಸುಳ್ಳು ಆಫ್‌ಲೈನ್ ಎಂಬುದೊಂದು ಉಪಬಗೆ. ವಿಂಡೋಸ್‌ನ ಐಪಿ ಪೋರ್ಟ್ ಪ್ರಿಂಟರಿನ ಸ್ಥಿತಿಯನ್ನು ಎಸ್‌ಎನ್‌ಎಂಪಿ ಎಂಬ ಬೇರೊಂದು ವಿಧಾನದಿಂದ ವಿಚಾರಿಸುತ್ತದೆ. ಗಾಢ ನಿದ್ರಾಸ್ಥಿತಿಯಲ್ಲಿರುವ ಪ್ರಿಂಟರ್ ಅದಕ್ಕೆ ಉತ್ತರಿಸದಿದ್ದರೆ, ದತ್ತಾಂಶದ ದಾರಿ ಸರಿಯಿದ್ದರೂ ವಿಂಡೋಸ್ ಅದನ್ನು ಆಫ್‌ಲೈನ್ ಎಂದು ಗುರುತಿಸಿ ಜಾಬನ್ನು ತಡೆಹಿಡಿಯುತ್ತದೆ. ಪೋರ್ಟಿನ ಸೆಟ್ಟಿಂಗ್‌ನಲ್ಲಿ ಈ ವಿಚಾರಣೆಯ ಗುರುತನ್ನು ತೆಗೆದರೆ ಸಾಕು.

ಯುಎಸ್‌ಬಿ. ಕೇಬಲ್ ಇರುವ ಪ್ರಿಂಟರಿನಲ್ಲಿ ಬಿಟ್ಟುಬಿಟ್ಟು ಬರುವ ದೋಷದ ಮೂಲ ಹೆಚ್ಚಾಗಿ ಸಡಿಲ ತುದಿ, ವಿದ್ಯುತ್ ಸಾಲದ ಹಬ್, ಅಥವಾ ಉದ್ದ ಹೆಚ್ಚಾದ ಕೇಬಲ್. ಯುಎಸ್‌ಬಿ 2.0 ಕೇಬಲ್ಲಿನ ಮಿತಿ 5 ಮೀಟರ್. ವಿದ್ಯುತ್ ಉಳಿಸಲು ವಿಂಡೋಸ್ ಬಳಕೆಯಲ್ಲಿಲ್ಲದ ಯುಎಸ್‌ಬಿ ಸಾಧನಗಳನ್ನು ಮಲಗಿಸುತ್ತದೆ, ಎಬ್ಬಿಸಿದಾಗ ಕೆಲವು ಪ್ರಿಂಟರ್‌ಗಳು ಏಳುವುದಿಲ್ಲ. ಕೇಬಲನ್ನು ಬೇರೆ ಕಿಂಡಿಗೆ ಚುಚ್ಚಿದಾಗ ತನ್ನದೇ ಕ್ರಮಸಂಖ್ಯೆ ತಿಳಿಸದ ಪ್ರಿಂಟರನ್ನು ವಿಂಡೋಸ್ ಹೊಸ ಸಾಧನವೆಂದು ಭಾವಿಸಿ, ಅದೇ ಹೆಸರಿನ ಮುಂದೆ 'ಕಾಪಿ 1' ಎಂದು ಸೇರಿಸಿ ಇನ್ನೊಂದು ಸರತಿ ತೆರೆಯುತ್ತದೆ. ಆಮೇಲೆ ಹಳೆಯ ಸರತಿಗೆ ಹೋದ ಜಾಬ್‌ಗಳೆಲ್ಲ ಅಲ್ಲೇ ಕೊಳೆಯುತ್ತವೆ.

ಸರತಿ. ಕೆಟ್ಟ ಜಾಬ್ ಒಂದು ಮುಂದೆ ನಿಂತರೆ ಹಿಂದಿನವೆಲ್ಲ ಕಾಯುತ್ತವೆ. 'ಅಳಿಸಲಾಗುತ್ತಿದೆ' ಎಂದು ತೋರಿಸುತ್ತಲೇ ಗಂಟೆಗಟ್ಟಲೆ ಹಾಗೆಯೇ ಇರುವ ಜಾಬ್ ಈ ಬಗೆಯದು. ಕಪ್ಸ್‌ನಲ್ಲಿ ಪ್ರಿಂಟರಿನ ದೋಷನೀತಿಯನ್ನು 'ನಿಲ್ಲಿಸು' ಎಂದಿಟ್ಟಿದ್ದರೆ ಒಂದೇ ವೈಫಲ್ಯದ ನಂತರ ಇಡೀ ಸರತಿ ಸ್ತಬ್ಧವಾಗಿ, ಕೈಯಿಂದ ಮತ್ತೆ ಚಾಲೂ ಮಾಡುವವರೆಗೆ ಏನೂ ಹೊರಡುವುದಿಲ್ಲ. 2015ರ ನವೆಂಬರ್ ಆವೃತ್ತಿಯಿಂದ ವಿಂಡೋಸ್ 10, ಕೊನೆಯ ಸಲ ಬಳಸಿದ ಪ್ರಿಂಟರನ್ನೇ ಮುಂದಿನ ಸಲಕ್ಕೆ ಪೂರ್ವನಿಯೋಜಿತವಾಗಿಸುವ ಸೌಲಭ್ಯ ತಂದಿತು. ಒಮ್ಮೆ ಪಿಡಿಎಫ್ ಆಗಿ ಉಳಿಸಿದರೆ ಮರುದಿನದ ಪ್ರಿಂಟ್ ಆದೇಶವೂ ಕಾಗದಕ್ಕೆ ಹೋಗದೆ ಪಿಡಿಎಫ್‌ಗೆ ಹೋಗುವುದು ಈ ಸೌಲಭ್ಯದ ಅಡ್ಡಪರಿಣಾಮ.

ಕಡತ. ಎ4 ಕಾಗದ ತುಂಬಿದ ಪ್ರಿಂಟರಿಗೆ ಅಮೆರಿಕದ ಲೆಟರ್ ಅಳತೆಯಲ್ಲಿ ತಯಾರಾದ ಕಡತ ಹೋದರೆ ಅನೇಕ ಪ್ರಿಂಟರ್‌ಗಳು ದೀಪ ಮಿನುಗಿಸುತ್ತ ಬೇರೆ ಕಾಗದಕ್ಕಾಗಿ ಕಾಯುತ್ತವೆ. ಭಾರತದಲ್ಲಿ ನ್ಯಾಯಾಲಯದ ಕಾಗದಪತ್ರಗಳಿಗೆ ಹಿಂದಿನಿಂದ ಬಳಕೆಯಲ್ಲಿದ್ದ ಲೀಗಲ್ ಅಳತೆಯಲ್ಲೂ ಇದೇ ಕಥೆ. ಕೆಲವು ಕಡತಗಳು ಮಾತ್ರ ಬಾರದಿದ್ದರೆ ಪುಟದ ಅಳತೆ, ಅಡಕವಾಗಿರದ ಅಕ್ಷರಶೈಲಿ ಮತ್ತು ಪಾರದರ್ಶಕ ಪದರಗಳಿರುವ ಚಿತ್ರಗಳನ್ನು ನೋಡಬೇಕು.

ಕಡತದ ಕಾರಣ ಎಷ್ಟು ಗೂಢವಾಗಿರಬಲ್ಲದು ಎಂಬುದಕ್ಕೆ ಉಬುಂಟು ಲಿನಕ್ಸ್‌ನಲ್ಲಿ 2008–09ರಲ್ಲಿ ದಾಖಲಾದ ಪ್ರಕರಣ ಪ್ರಸಿದ್ಧ ನಿದರ್ಶನ. ಓಪನ್ ಆಫೀಸ್‌ನಿಂದ ಮಂಗಳವಾರ ಮುದ್ರಣವಾಗುವುದಿಲ್ಲ ಎಂಬುದು ದೂರು. ಉಳಿದ ದಿನ ತೊಂದರೆಯಿರಲಿಲ್ಲ. ಮುದ್ರಣಕ್ಕೆ ಹೊರಡುವ ಪೋಸ್ಟ್‌ಸ್ಕ್ರಿಪ್ಟ್ ಕಡತದ ತಲೆಭಾಗದಲ್ಲಿ ತಯಾರಾದ ದಿನ ಮತ್ತು ತಾರೀಕು ಸೇರುತ್ತಿತ್ತು. ಕಡತದ ಬಗೆ ಗುರುತಿಸುವ 'ಫೈಲ್' ಎಂಬ ಉಪಕರಣದ ನಿಯಮಪಟ್ಟಿಯಲ್ಲಿದ್ದ ಒಂದು ತಪ್ಪಿನಿಂದ, ಮಂಗಳವಾರದ ಮೂರಕ್ಷರದ ಇಂಗ್ಲಿಷ್ ಸಂಕ್ಷೇಪ ಕಂಡ ಕಡತ ಅರ್ಲಾಂಗ್ ಎಂಬ ಪ್ರೋಗ್ರಾಮಿಂಗ್ ಭಾಷೆಯದೆಂದು ನಿರ್ಧಾರವಾಗುತ್ತಿತ್ತು. ಮುದ್ರಣ ವ್ಯವಸ್ಥೆ ಅದನ್ನು ಪ್ರಿಂಟರಿಗೆ ಕಳಿಸುತ್ತಿರಲಿಲ್ಲ. ಪ್ರಿಂಟರ್, ಕೇಬಲ್, ಡ್ರೈವರ್ ಯಾವುದರಲ್ಲೂ ದೋಷವಿರಲಿಲ್ಲ. ವಾರವನ್ನು ಗಮನಿಸಿ ಬರೆದಿಟ್ಟ ದೂರಿನಿಂದಲೇ ಮೂಲ ಸಿಕ್ಕಿತು.

ವಿದ್ಯುತ್, ಹವೆ, ಯಂತ್ರಭಾಗ. ಲೇಸರ್ ಪ್ರಿಂಟರಿನ ಫ್ಯೂಸರ್ ಟೋನರನ್ನು ಕಾಗದಕ್ಕೆ ಬೆಸೆಯಲು ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಕಾಯುವ ಕ್ಷಣದಲ್ಲಿ ಅದು ಎಳೆಯುವ ವಿದ್ಯುತ್ ನೂರಾರು ವಾಟ್; ಇಂಕ್‌ಜೆಟ್ ಪ್ರಿಂಟರಿಗೆ ಹತ್ತಿಪ್ಪತ್ತು ವಾಟ್ ಸಾಕು. ಅದಕ್ಕೇ ಲೇಸರ್ ಪ್ರಿಂಟರನ್ನು ಕಂಪ್ಯೂಟರಿನ ಯುಪಿಎಸ್‌ಗೆ ಜೋಡಿಸಬಾರದೆಂದು ತಯಾರಕರು ಸೂಚಿಸುತ್ತಾರೆ. ಕರೆಂಟ್ ಇದ್ದಾಗ ಬರುವ ಪ್ರಿಂಟ್ ಇನ್ವರ್ಟರ್ ಮೇಲೆ ಬಾರದೆ ಪ್ರಿಂಟರ್ ತಾನೇ ಮರುಚಾಲೂ ಆಗುವುದು, ಬೇಸಿಗೆಯ ಸಂಜೆ ವೋಲ್ಟೇಜ್ ಕುಸಿದಾಗ ಅಕ್ಷರ ಬೆರಳಿಗೆ ಅಂಟಿ ಅಳಿಸಿಹೋಗುವುದು ಇದರ ಲಕ್ಷಣಗಳು.

ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ಕಾಗದ ತೇವ ಹೀರಿ ಸುರುಳುತ್ತದೆ, ಒಂದಕ್ಕೊಂದು ಅಂಟುತ್ತದೆ, ಟೋನರ್ ಸಮನಾಗಿ ಕೂರುವುದಿಲ್ಲ. ಬಿಚ್ಚಿದ ರೀಮಿನ ಮೇಲಿನ ಹಾಳೆಗಳು ಸಿಕ್ಕಿಕೊಂಡು ಒಳಗಿನವು ಸರಾಗವಾಗಿ ಹೋದರೆ ತಪ್ಪು ಕಾಗದದ್ದು. ಬಯಲುಸೀಮೆಯ ಒಣಹವೆಯಲ್ಲಿ ಕಾಗದ ಎಳೆಯುವ ರಬ್ಬರ್ ರೋಲರ್ ಧೂಳು ಹಿಡಿದು ನುಣುಪಾಗುತ್ತದೆ. ಟ್ರೇ ತುಂಬಿರುವಾಗ ಎಳೆದು, ನಾಲ್ಕೈದು ಹಾಳೆ ಉಳಿದಾಗ ಜಾರುತ್ತದೆ. ಲಿಂಟ್ ಬಿಡದ ಬಟ್ಟೆಯನ್ನು ನೀರಿನಲ್ಲಿ ತುಸು ಒದ್ದೆ ಮಾಡಿ ಒರೆಸಿದರೆ ಹಿಡಿತ ಮರಳುತ್ತದೆ.

ಇಂಕ್ ಟ್ಯಾಂಕ್ ಪ್ರಿಂಟರ್‌ಗಳಲ್ಲಿ ವಾರಗಟ್ಟಲೆ ಬಳಸದಿದ್ದರೆ ನಾಜಲ್‌ಗಳಲ್ಲಿ ಶಾಯಿ ಒಣಗುತ್ತದೆ. ಜಾಬ್ ಯಶಸ್ವಿಯಾಯಿತೆಂದು ಕಂಪ್ಯೂಟರ್ ಹೇಳಿದರೂ ಹಾಳೆ ಖಾಲಿ ಬರುತ್ತದೆ ಅಥವಾ ಒಂದು ಬಣ್ಣ ಮಾಯವಾಗಿರುತ್ತದೆ. ಹೆಡ್ ಕ್ಲೀನಿಂಗ್ ಸಾಮಾನ್ಯವಾಗಿ ಇದನ್ನು ಸರಿಪಡಿಸುತ್ತದೆ. ಅದನ್ನು ಮೇಲಿಂದ ಮೇಲೆ ಮಾಡಿದರೆ ಶಾಯಿ ಖರ್ಚಾಗಿ ತ್ಯಾಜ್ಯ ಶಾಯಿ ಹೀರುವ ಪ್ಯಾಡ್ ಬೇಗ ತುಂಬುತ್ತದೆ.

ಪತ್ತೆಯ ಕ್ರಮ

ಮುದ್ರಣದ ಹಾದಿಯನ್ನು ಭಾಗಗಳಾಗಿ ಒಡೆದು, ದೋಷ ಯಾವ ಭಾಗದಲ್ಲಿದೆ ಎಂದು ಕಂಡುಕೊಳ್ಳುವುದು ಅಂಗೀಕೃತ ವಿಧಾನ. ಮೊದಲು ಕಂಪ್ಯೂಟರನ್ನು ಬಿಟ್ಟು ಪ್ರಿಂಟರಿನದೇ ಗುಂಡಿಗಳಿಂದ ಪರೀಕ್ಷಾ ಪುಟ ತೆಗೆಯಬೇಕು. ಅದೇ ಬಾರದಿದ್ದರೆ ವಿದ್ಯುತ್, ಕಾಗದ, ಯಂತ್ರಭಾಗಗಳತ್ತ ತಿರುಗಬೇಕು. ಅದು ಬಂದರೆ ಕಾರ್ಯಾಚರಣ ವ್ಯವಸ್ಥೆಯ ಪರೀಕ್ಷಾ ಪುಟ, ಬಳಿಕ ಸಾದಾ ಪಠ್ಯದ ಒಂದು ಪುಟ, ಕೊನೆಗೆ ತೊಂದರೆ ಕೊಟ್ಟ ಕಡತ. ಅದೇ ಜಾಲದ ಫೋನಿನಿಂದ ಪ್ರಿಂಟ್ ಬಂದು ಕಂಪ್ಯೂಟರಿನಿಂದ ಬಾರದಿದ್ದರೆ ಪ್ರಿಂಟರ್ ಮತ್ತು ರೂಟರ್ ಎರಡರ ಮೇಲಿನ ಅನುಮಾನವೂ ಕಡಿಮೆಯಾಗುತ್ತದೆ. ವೈಫೈ ಪ್ರಿಂಟರನ್ನು ಕೆಲವು ದಿನ ಯುಎಸ್‌ಬಿ ಕೇಬಲ್ಲಿನಲ್ಲಿ ನಡೆಸಿ ನೋಡುವುದು ಹೆಚ್ಚು ಜನ ಮಾಡದ, ಆದರೆ ಬಹಳಷ್ಟನ್ನು ತಿಳಿಸುವ ಪರೀಕ್ಷೆ.

ಈ ಬಗೆಯ ದೋಷಕ್ಕೆ ಒಂದು ಸಲದ ಪರೀಕ್ಷೆ ಸಾಲದು. ತಾರೀಕು, ವೇಳೆ, ಕಡತದ ಹೆಸರು ಮತ್ತು ಗಾತ್ರ, ಪ್ರಿಂಟರಿನ ಆಗಿನ ಐಪಿ ವಿಳಾಸ, ದೀಪಗಳ ಸ್ಥಿತಿ, ಪರದೆಯ ಮೇಲಿನ ಸಂದೇಶ ಇವಿಷ್ಟನ್ನು ಪ್ರಿಂಟ್ ಬಂದಾಗಲೂ ಬಾರದಾಗಲೂ ಬರೆದಿಡಬೇಕು. ಬಂದ ಸಲದ ದಾಖಲೆ ಇಲ್ಲದಿದ್ದರೆ ಬಾರದ ಸಲದ್ದನ್ನು ಹೋಲಿಸಲು ಏನೂ ಇರುವುದಿಲ್ಲ. ವಿಂಡೋಸ್‌ನಲ್ಲಿ ಮುದ್ರಣ ಸೇವೆಯ ವಿವರವಾದ ದಿನಚರಿ ಪೂರ್ವನಿಯೋಜಿತವಾಗಿ ಮುಚ್ಚಿರುತ್ತದೆ. ಈವೆಂಟ್ ವ್ಯೂವರಿನಲ್ಲಿ ಅದನ್ನು ತೆರೆದಿಟ್ಟರೆ ಮುದ್ರಣವಾದ ಪ್ರತಿ ದಾಖಲೆಗೂ 307 ಎಂಬ ಸಂಖ್ಯೆಯ ನಮೂದು ಬೀಳುತ್ತದೆ. ಕಾಗದ ಬರದೆಯೂ ಆ ನಮೂದು ಬಿದ್ದಿದ್ದರೆ ಕಂಪ್ಯೂಟರ್ ತನ್ನ ಕೆಲಸ ಮುಗಿಸಿದೆ ಎಂದರ್ಥ, ಹುಡುಕಬೇಕಾದ್ದು ಅದರಾಚೆ. ಕಪ್ಸ್ ವ್ಯವಸ್ಥೆಯಲ್ಲಿ ದೋಷ ದಿನಚರಿಯ ಮಟ್ಟವನ್ನು ಡೀಬಗ್‌ಗೆ ಏರಿಸಿದರೆ ಪ್ರತಿ ಹಂತದ ವಿವರ ಸಿಗುತ್ತದೆ.

ದೋಷ ಕಂಡ ಕೂಡಲೆ ಎಲ್ಲವನ್ನೂ ಆರಿಸಿ ಹಚ್ಚುವುದು ವ್ಯಾಪಕ ರೂಢಿ. ಅದರಿಂದ ಪ್ರಿಂಟ್ ಬರುತ್ತದೆ, ಆದರೆ ಸಾಕ್ಷ್ಯ ಅಳಿಯುತ್ತದೆ: ವಿಳಾಸ ಹೊಸದಾಗುತ್ತದೆ, ಸರತಿ ಖಾಲಿಯಾಗುತ್ತದೆ, ನಿದ್ರಾಸ್ಥಿತಿ ಕಳೆಯುತ್ತದೆ. ಮೂರರಲ್ಲಿ ಯಾವುದು ಕಾರಣವೆಂದು ಆಮೇಲೆ ತಿಳಿಯದು. ಮರುಚಾಲನೆಗೆ ಮುಂಚೆ ಪ್ರಿಂಟರಿನ ವಿಳಾಸ ನೋಡಿ, ಅದಕ್ಕೆ ಪಿಂಗ್ ಮಾಡಿ (ಉತ್ತರ ಬರುತ್ತದೆಯೇ ಎಂದು ಪರೀಕ್ಷಿಸಿ), ಸರತಿಯ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಆಮೇಲೆ ಪ್ರಿಂಟರ್, ರೂಟರ್, ಕಂಪ್ಯೂಟರ್ ಇವುಗಳಲ್ಲಿ ಒಂದೊಂದನ್ನೇ ಮರುಚಾಲೂ ಮಾಡಬೇಕು. ವಿಂಡೋಸ್ 8ರಿಂದ ಇರುವ ಫಾಸ್ಟ್ ಸ್ಟಾರ್ಟಪ್ ಸೌಲಭ್ಯದಲ್ಲಿ ಶಟ್‌ಡೌನ್ ಎಂದರೆ ವ್ಯವಸ್ಥೆಯ ಒಳಭಾಗವನ್ನು ಡಿಸ್ಕಿಗೆ ಬರೆದು ಮಲಗಿಸುವುದು ಮಾತ್ರ. ಶಟ್‌ಡೌನ್‌ನಿಂದ ಹೋಗದ ತೊಂದರೆ ರೀಸ್ಟಾರ್ಟ್‌ನಿಂದ ಹೋಗುವುದು ಈ ಕಾರಣಕ್ಕೆ.

ಪರಿಹಾರ

ವಿಳಾಸ ಬದಲಾಗುವ ದೋಷಕ್ಕೆ ಖಚಿತ ಪರಿಹಾರ ರೂಟರಿನಲ್ಲಿ ವಿಳಾಸ ಕಾಯ್ದಿರಿಸುವುದು. ಪ್ರಿಂಟರಿನ ಜಾಲ ಮಾಹಿತಿ ಪುಟದಲ್ಲಿ ಎರಡೆರಡರ ಆರು ಜೋಡಿಗಳಾಗಿ ಮುದ್ರಿತವಾಗಿರುವ ಮ್ಯಾಕ್ (ಎಂಎಸಿ) ಎಂಬ ಗುರುತುಸಂಖ್ಯೆಯನ್ನು ರೂಟರಿನ ಡಿಎಚ್‌ಸಿಪಿ ಪುಟದಲ್ಲಿ ನಮೂದಿಸಿ ಒಂದು ಐಪಿ ವಿಳಾಸಕ್ಕೆ ಕಟ್ಟಿಹಾಕಬೇಕು. ಆಮೇಲೆ ಕಂಪ್ಯೂಟರಿನಲ್ಲಿ ಡಬ್ಲ್ಯುಎಸ್‌ಡಿ ಪೋರ್ಟಿನ ಬದಲು ಆ ವಿಳಾಸಕ್ಕೆ ಐಪಿ ಪೋರ್ಟ್ ರಚಿಸಬೇಕು. ಪ್ರಿಂಟರಿನಲ್ಲೇ ವಿಳಾಸ ಬರೆದಿಡುವುದೂ ಸಾಧ್ಯ. ಆದರೆ ರೂಟರ್ ಬದಲಾದಾಗ ಅದು ಹೊಸ ತೊಂದರೆಗೆ ದಾರಿಯಾಗುತ್ತದೆ.

ಸಿಕ್ಕಿಕೊಂಡ ಸರತಿಗೆ ಸ್ಪೂಲರ್ ಸೇವೆಯನ್ನು ಮೊದಲು ನಿಲ್ಲಿಸಬೇಕು. ಸೇವೆ ನಡೆಯುತ್ತಿರುವಾಗ ಕಡತಗಳು ಬೀಗ ಹಾಕಿದಂತಿರುವುದರಿಂದ ಅಳಿಸಲಾಗದು. ನಿಂತ ಮೇಲೆ ವಿಂಡೋಸ್‌ನ ಸಿಸ್ಟಂ32ರೊಳಗಿನ ಸ್ಪೂಲ್ ಫೋಲ್ಡರಿಗೆ ಹೋಗಿ, ಪ್ರಿಂಟರ್ಸ್ ಎಂಬ ಒಳಫೋಲ್ಡರಿನಲ್ಲಿರುವ ಕಡತಗಳನ್ನು ಮಾತ್ರ ಅಳಿಸಿ ಸೇವೆಯನ್ನು ಪುನಃ ಚಾಲೂ ಮಾಡಬೇಕು, ಫೋಲ್ಡರನ್ನೇ ಅಳಿಸಬಾರದು. ಆಪಲ್‌ನ ಮ್ಯಾಕ್ ಕಂಪ್ಯೂಟರಿನಲ್ಲಿ ಮುದ್ರಣ ವ್ಯವಸ್ಥೆಯನ್ನು ಮರುಹೊಂದಿಸುವ ಆಯ್ಕೆ ಇದೆ, ಅದು ಎಲ್ಲ ಪ್ರಿಂಟರ್‌ಗಳನ್ನೂ ಪಟ್ಟಿಯಿಂದ ತೆಗೆಯುತ್ತದೆ. ಡ್ರೈವರ್ ಮೇಲೆ ಅನುಮಾನವಿದ್ದರೆ ಪ್ರಿಂಟರಿನ ಹೆಸರನ್ನು ಅಳಿಸಿದರಷ್ಟೇ ಸಾಲದು. ಪ್ರಿಂಟ್ ಸರ್ವರ್ ಪ್ರಾಪರ್ಟೀಸ್‌ನಿಂದ ಡ್ರೈವರ್ ಪೊಟ್ಟಣವನ್ನೂ ತೆಗೆಯದಿದ್ದರೆ ಮರುಸ್ಥಾಪನೆಯಲ್ಲಿ ಹಳೆಯದೇ ಬಂದು ಕೂರುತ್ತದೆ.

ಕನ್ನಡ ಪಠ್ಯದ ಮುದ್ರಣ

ಯುನಿಕೋಡ್‌ಗೆ ಮುಂಚಿನ ನುಡಿ ಮತ್ತು ಬರಹ ಅಕ್ಷರಶೈಲಿಗಳಲ್ಲಿ ಸಿದ್ಧವಾದ ಕಡತಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲೇ ಕನ್ನಡದ ಆಕಾರಗಳನ್ನು ಇಟ್ಟುಕೊಂಡಿರುತ್ತವೆ. ಆ ಶೈಲಿ ಇಲ್ಲದ ಕಂಪ್ಯೂಟರಿನಲ್ಲಿ, ಅಥವಾ ಶೈಲಿ ಅಡಕವಾಗಿರದ ಪಿಡಿಎಫ್‌ನಲ್ಲಿ ಕನ್ನಡದ ಜಾಗದಲ್ಲಿ ರೋಮನ್ ಅಕ್ಷರಗಳ ರಾಶಿ ಮುದ್ರಣವಾಗುತ್ತದೆ. ಮನೆಯಲ್ಲಿ ಸರಿಯಾಗಿ ಬಂದದ್ದು ಸೈಬರ್ ಅಂಗಡಿಯಲ್ಲಿ ಕೆಡುವುದು, ಹಳೆಯ ಕಡತ ಕೆಟ್ಟು ಹೊಸದು ಸರಿಬರುವುದು ಇದರಿಂದಲೇ. ಯುನಿಕೋಡ್ ಕಡತಗಳಲ್ಲಿ ಒತ್ತಕ್ಷರಗಳನ್ನು ಜೋಡಿಸುವ ಕೆಲಸ ಕಂಪ್ಯೂಟರಿನಲ್ಲೇ ಮುಗಿಯುತ್ತದೆ. ಪರದೆಯ ಮೇಲೆ ಸರಿಯಿದ್ದು ಕಾಗದದ ಮೇಲೆ ಒತ್ತು ಕಳಚಿದ್ದರೆ ಡ್ರೈವರ್ ಅಥವಾ ಶೈಲಿಯ ಅಳವಡಿಕೆಯನ್ನು ನೋಡಬೇಕು. ತುರ್ತಿಗೆ ಅಡೋಬಿ ರೀಡರಿನ 'ಚಿತ್ರವಾಗಿ ಮುದ್ರಿಸು' ಎಂಬ ಆಯ್ಕೆ ಕೆಲಸಕ್ಕೆ ಬರುತ್ತದೆ. ಅದರಲ್ಲಿ ದತ್ತಾಂಶದ ಗಾತ್ರ ಹೆಚ್ಚುವುದರಿಂದ ಪ್ರಿಂಟ್ ನಿಧಾನವಾಗುತ್ತದೆ.

ಇಂದಿನ ಸ್ಥಿತಿ

ಈಚಿನ ವರ್ಷಗಳಲ್ಲಿ ತಂತ್ರಾಂಶ ಪರಿಷ್ಕರಣೆಗಳೇ ಬಿಟ್ಟುಬಿಟ್ಟು ಬರುವ ದೋಷಗಳ ಗಣನೀಯ ಮೂಲವಾಗಿವೆ. 2021ರ ಜುಲೈನಲ್ಲಿ ವಿಂಡೋಸ್ ಸ್ಪೂಲರಿನಲ್ಲಿ ಪ್ರಿಂಟ್‌ನೈಟ್‌ಮೇರ್ ಎಂದು ಹೆಸರಾದ ಭದ್ರತಾ ದೋಷ ಬಯಲಾದಾಗ, ಪರಿಷ್ಕರಣೆ ಬರುವವರೆಗೆ ಸ್ಪೂಲರನ್ನೇ ನಿಲ್ಲಿಸುವುದು ಮೈಕ್ರೋಸಾಫ್ಟ್ ಸೂಚಿಸಿದ ತಾತ್ಕಾಲಿಕ ಉಪಾಯಗಳಲ್ಲಿ ಒಂದಾಗಿತ್ತು. ಆಗಸ್ಟ್‌ನಿಂದ, ಹಂಚಿಕೊಂಡ ಪ್ರಿಂಟರಿನ ಡ್ರೈವರ್ ಸ್ಥಾಪಿಸಲು ಆಡಳಿತಗಾರನ ಅನುಮತಿ ಕಡ್ಡಾಯವಾಯಿತು. ಒಂದು ಕಂಪ್ಯೂಟರಿಗೆ ಜೋಡಿಸಿದ ಪ್ರಿಂಟರನ್ನು ಇನ್ನೊಂದರಿಂದ ಬಳಸುತ್ತಿದ್ದ ಮನೆಗಳಲ್ಲೂ ಇದರ ಪರಿಣಾಮ ಕಂಡಿತು. 2025ರ ಜನವರಿ ಕೊನೆಯ ವಿಂಡೋಸ್ 11 ಪರಿಷ್ಕರಣೆಯ ನಂತರ, ಯುಎಸ್‌ಬಿ ಮೂಲಕ ಸಾದಾ ವಿಧಾನ ಮತ್ತು ಐಪಿಪಿ ಎರಡನ್ನೂ ಬಲ್ಲ ಕೆಲವು ಪ್ರಿಂಟರ್‌ಗಳು ಯಾರೂ ಕೇಳದೆಯೇ ಜಾಲದ ಆದೇಶಗಳನ್ನು ಹಾಳೆಗಳ ಮೇಲೆ ಮುದ್ರಿಸತೊಡಗಿದವು. ಮಾರ್ಚ್‌ನಲ್ಲಿ ಅದು ದುರಸ್ತಿಯಾಯಿತು.

ದೂರದ ಸರ್ವರ್‌ಗಳ ಮೇಲಿನ ಅವಲಂಬನೆ ಇನ್ನೊಂದು ಮೂಲ. ಗೂಗಲ್ ಕ್ಲೌಡ್ ಪ್ರಿಂಟ್ ಸೇವೆ 2020ರ ಡಿಸೆಂಬರ್ 31ಕ್ಕೆ ಕೊನೆಗೊಂಡಾಗ ಅದನ್ನೇ ನೆಚ್ಚಿದ್ದ ಮನೆಗಳಲ್ಲಿ ಆ ದಾರಿ ಮುಚ್ಚಿತು. ಸರ್ವರಿನ ಪಾತ್ರವಿಲ್ಲದೆ ಪ್ರಿಂಟರಿನೊಳಗಿನ ತಂತ್ರಾಂಶದಿಂದಲೂ ಇಂಥ ಅಡ್ಡಿ ಬರಬಹುದು: 2016ರ ಸೆಪ್ಟೆಂಬರ್ 13ರಂದು ಎಚ್‌ಪಿ ಆಫೀಸ್‌ಜೆಟ್‌ನ ಕೆಲವು ಮಾದರಿಗಳು ಬೇರೆ ತಯಾರಕರ ಕಾರ್ಟ್ರಿಜ್‌ಗಳನ್ನು ಒಮ್ಮೆಲೇ ನಿರಾಕರಿಸಿದ್ದಕ್ಕೆ ಫರ್ಮ್‌ವೇರ್‌ನಲ್ಲಿ ಮೊದಲೇ ಅಡಕವಾಗಿದ್ದ ನಿಯಮ ಕಾರಣವಾಗಿತ್ತು.

ಉದ್ಯಮ ಈಗ ಡ್ರೈವರ್ ಇಲ್ಲದ ಮುದ್ರಣದತ್ತ ಸಾಗಿದೆ. ಪ್ರಿಂಟರ್ ವರ್ಕಿಂಗ್ ಗ್ರೂಪ್‌ನ ಐಪಿಪಿ ಎವೆರಿವೇರ್ ಮಾನಕ ಮತ್ತು ಕ್ಯಾನನ್, ಎಚ್‌ಪಿ, ಸ್ಯಾಮ್‌ಸಂಗ್, ಜೆರಾಕ್ಸ್ ಸೇರಿ ಕಟ್ಟಿದ ಮೋಪ್ರಿಯಾ ಒಕ್ಕೂಟ ಎರಡೂ 2013ರವು. 2023ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್, ಹೊರಗಿನ ತಯಾರಕರ ಡ್ರೈವರ್‌ಗಳಿಗೆ ನೀಡುವ ಬೆಂಬಲವನ್ನು ಹಂತಹಂತವಾಗಿ ಮುಗಿಸುವ ಯೋಜನೆ ಪ್ರಕಟಿಸಿತು. ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಬಂದ ಸಂರಕ್ಷಿತ ಮುದ್ರಣ ಸ್ಥಿತಿಯನ್ನು ಆರಿಸಿಕೊಂಡರೆ ಮೋಪ್ರಿಯಾ ಪ್ರಮಾಣಿತ ಪ್ರಿಂಟರ್‌ಗಳಷ್ಟೇ ಕೆಲಸ ಮಾಡುತ್ತವೆ. ಐಪಿಪಿ ತಿಳಿಯದ ಹಳೆಯ ಯುಎಸ್‌ಬಿ ಪ್ರಿಂಟರ್‌ಗಳು ಆ ಸ್ಥಿತಿಯ ಹೊರಗೆ ಈಗಿರುವ ಡ್ರೈವರ್‌ಗಳೊಂದಿಗೆ ಮುಂದುವರಿಯಬಲ್ಲವು. ಘೋಷಿತ ಯೋಜನೆಯ ಪ್ರಕಾರ 2027ರ ಜುಲೈನಿಂದ ವಿಂಡೋಸ್ ಅಪ್‌ಡೇಟ್ ಮೂಲಕ ಅಂಥ ಡ್ರೈವರ್‌ಗಳಿಗೆ ಸಿಗುವುದು ಭದ್ರತೆಗೆ ಸಂಬಂಧಿಸಿದ ತಿದ್ದುಪಡಿಗಳು ಮಾತ್ರ.